ಹದ್ದಿನ ಗೂಡುಗಳ ಲೆಕ್ಕ ಯಾರಲ್ಲಿದೆ?

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ದಕ್ಷಿಣ ಆಸ್ಟ್ರೇಲಿಯದ ಕಡಲತೀರದ ಪ್ರವಾಸ ಕಥನವನ್ನು ಆಸಕ್ತಿಯಿಂದ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ ಕಡಲಸಿಂಹಗಳನ್ನೂ ತಿಮಿಂಗಿಲಗಳನ್ನೂ ಕಂಡ ಸಂಭ್ರಮವನ್ನು ಹೇಳುವ ಭರದಲ್ಲಿ ಲೇಖಕರು, ಅವುಗಳನ್ನು ತಮಗೆ ಕಾಣಿಸಿಕೊಟ್ಟ ವ್ಯವಸ್ಥೆಯ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲ. ಅಡಿಲೇಡಿನಲ್ಲಿ ಉದ್ಯೋಗದಲ್ಲಿರುವ ಮಗನ ಮನೆಗೆ 2024ರಲ್ಲಿ ಹೋಗಿದ್ದಾಗ ಅದೇ ತೀರವನ್ನು ನೋಡುವ ಅವಕಾಶ ನನಗೂ ಒದಗಿತ್ತು. ನಮ್ಮ ಕಾಸರಗೋಡಿನಲ್ಲಿ ಕಡಲತೀರದ ಪ್ರವಾಸೋದ್ಯಮ ಎಂದೊಡನೆ ಕಾಂಕ್ರೀಟಿನ ಕಾಲುದಾರಿ, ದೀಪಸ್ತಂಭ ಮತ್ತು ಸೆಲ್ಫಿ ಕಟ್ಟೆಗಳಷ್ಟೇ ಎಲ್ಲರ ಬಾಯಲ್ಲಿ ಬರುವುದರಿಂದ, ಅಲ್ಲಿ ಕಂಡ ಒಂದೆರಡು ಸಂಗತಿಗಳನ್ನು ಓದುಗರ ಮುಂದಿಡಬೇಕೆನಿಸಿತು.

ಕೇಪ್ ಜರ್ವಿಸ್ ಎಂಬಲ್ಲಿಂದ ವಾಹನಗಳನ್ನೂ ಹೊತ್ತೊಯ್ಯುವ ದೊಡ್ಡ ಫೆರಿಯಲ್ಲಿ ಮುಕ್ಕಾಲು ಗಂಟೆ ಸಾಗಿದರೆ ಕಾಂಗರೂ ದ್ವೀಪ ಸಿಗುತ್ತದೆ. 2019-20ರ ಬೇಸಿಗೆಯ ಕಾಳ್ಗಿಚ್ಚಿನಲ್ಲಿ ಸುಮಾರು ಅರ್ಧದಷ್ಟು ಸುಟ್ಟುಹೋದ ದ್ವೀಪ ಅದು. ಅದರ ದಕ್ಷಿಣ ದಂಡೆಯಲ್ಲಿರುವ ಸೀಲ್ ಬೇ ಎಂಬ ಮರಳತೀರದಲ್ಲಿ ಆಸ್ಟ್ರೇಲಿಯದ ಕಡಲಸಿಂಹಗಳ ದೊಡ್ಡ ನೆಲೆಯೊಂದಿದೆ. ಈ ಪ್ರಾಣಿ ಆಸ್ಟ್ರೇಲಿಯ ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. ಅಳಿವಿನಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದೆ. ಮರಿ ಹಾಕುವುದು ಹದಿನೇಳು ಹದಿನೆಂಟು ತಿಂಗಳಿಗೊಮ್ಮೆ ಮಾತ್ರ. ತಾಯಿಯಾದದ್ದು ಮೂರು ದಿನಗಳಷ್ಟು ಹೊತ್ತು ಸಮುದ್ರದ ತಳಕ್ಕೆ ಮತ್ತೆ ಮತ್ತೆ ಮುಳುಗಿ ಆಹಾರ ಹುಡುಕಿ, ದಣಿದು ದಂಡೆಗೆ ಬಂದು ಬಿದ್ದುಕೊಂಡು, ಮರಿಗೆ ಹಾಲೂಡಿಸಿ, ದಣಿವು ಆರಿದ ಮೇಲೆ ಪುನಃ ನೀರಿಗಿಳಿಯುತ್ತದೆ. ಹಾಗೆ ಮಲಗಿದ ಪ್ರಾಣಿಯನ್ನು ಎಬ್ಬಿಸಿ ಓಡಿಸಿದರೆ ಅದಕ್ಕೂ ಮರಿಗೂ ಆಗುವ ನಷ್ಟ ಎಂಥದ್ದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದಲೇ ಅಲ್ಲಿ ಯಾರೂ ತಾವಾಗಿಯೇ ಮರಳಿಗೆ ಇಳಿಯುವಂತಿಲ್ಲ. ಮರದ ಹಲಗೆಯ ಹಾದಿಯಲ್ಲಿ ನಿಂತು ನೋಡಬಹುದು. ಕೆಳಗಿಳಿಯಬೇಕಾದರೆ ಹೊತ್ತು ಗೊತ್ತುಮಾಡಿಸಿಕೊಂಡು, ಉದ್ಯಾನ ಇಲಾಖೆಯ ಮಾರ್ಗದರ್ಶಕರೊಬ್ಬರ ಹಿಂದೆ ಗುಂಪಾಗಿಯೇ ನಡೆಯಬೇಕು.

ನಮ್ಮ ಗುಂಪಿನಲ್ಲಿ ಇಪ್ಪತ್ತರಷ್ಟು ಮಂದಿ ಇದ್ದೆವು. ಮಾರ್ಗದರ್ಶಕಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಮೊದಲ ಐದು ನಿಮಿಷ ಆಕೆ ಹೇಳಿದ್ದೆಲ್ಲ ಏನು ಮಾಡಬಾರದು ಎಂಬುದನ್ನೇ. ಹರಡಿಕೊಳ್ಳಬಾರದು, ಪ್ರಾಣಿಗೂ ಕಡಲಿಗೂ ನಡುವೆ ನಿಲ್ಲಬಾರದು, ಹತ್ತು ಮೀಟರಿಗಿಂತ ಹತ್ತಿರ ಹೋಗಬಾರದು. ನಿಜ ಹೇಳಬೇಕೆಂದರೆ, ಮೂವತ್ತು ವರ್ಷ ಮಕ್ಕಳಿಗೆ ಇದನ್ನೇ ಹೇಳಿದವನಾದ ನನಗೆ, ಇಳಿವಯಸ್ಸಿನಲ್ಲಿ ಸಾಲಿನಲ್ಲಿ ನಿಂತು ಹೇಳಿಸಿಕೊಳ್ಳುವುದು ಸ್ವಲ್ಪ ಕಸಿವಿಸಿಯಾಯಿತು. ಅಷ್ಟರಲ್ಲಿ ಅಲೆಯಿಂದ ಎದ್ದು ಬಂದ ಹೆಣ್ಣು ಕಡಲಸಿಂಹವೊಂದು, ಮೈತುಂಬ ನೀರು ಸುರಿಸುತ್ತ, ನಾವು ಮುಂದೆ ಹೋಗಬೇಕಾಗಿದ್ದ ದಾರಿಯ ನಡುಮಧ್ಯಕ್ಕೆ ತೆವಳಿ ಬಂದು ಕತ್ತನ್ನು ಎತ್ತಿ ಕೂಗಿತು. ದಿಬ್ಬದ ಕುರುಚಲು ಗಿಡಗಳೊಳಗಿಂದ ಮರಿಯ ಉತ್ತರ ಬಂತು. ಕರುವಿನ ಕೂಗಿಗೂ ಆಡಿನ ಕೂಗಿಗೂ ನಡುವಿನದೊಂದು ದನಿ. ಮತ್ತೆರಡು ಮರಿಗಳು ಹಾಲಿನಾಸೆಗೆ ಓಡಿಬಂದವು. ತಾಯಿ ಮೂಸಿ ನೋಡಿ, ತನ್ನದಲ್ಲವೆಂದು ಗದರಿ ಅಟ್ಟಿತು. ಮೂರನೆಯದಾಗಿ ಬಂದದ್ದು ಅದರದೇ ಮರಿ. ಹಾಲೂಡುವುದು ಆರಂಭವಾಯಿತು. ಮಾರ್ಗದರ್ಶಕಿ ಕೈಯೆತ್ತಿ ನಮ್ಮನ್ನು ನಿಲ್ಲಿಸಿದಳು. ಕಾಲುಗಂಟೆ ಕಳೆದರೂ ತಾಯಿ ಏಳಲಿಲ್ಲ. ಸುತ್ತುಬಳಸಿ ಹೋಗಲು ನನ್ನ ಕಣ್ಣಿಗೆ ಬೇಕಾದಷ್ಟು ಜಾಗವಿತ್ತು. ಆಕೆಯ ಕಣ್ಣಿಗೆ ಇರಲಿಲ್ಲ. "ಇವತ್ತಿಗೆ ಇಷ್ಟೇ" ಎಂದು ನಗುತ್ತಲೇ ಹೇಳಿ, ಎಲ್ಲರನ್ನೂ ಬಂದ ದಾರಿಯಲ್ಲಿ ತಿರುಗಿಸಿಕೊಂಡು ಹೊರಟಳು. ಹಣ ಕೊಟ್ಟ ಅಷ್ಟು ಜನರಲ್ಲಿ ಒಬ್ಬರೂ ತಕರಾರು ಎತ್ತಲಿಲ್ಲ. ಆಕೆಯ ಮಾತಿನ ಹಿಂದೆ ಕಾನೂನು ಇತ್ತು, ಇಲಾಖೆ ಇತ್ತು. ಅದಕ್ಕಿಂತ ಹೆಚ್ಚಾಗಿ, ಆ ಪ್ರಾಣಿಗಳನ್ನು ದಿನವೂ ನೋಡುವವಳ ತಿಳಿವಳಿಕೆ ಇತ್ತು.

ಮುಂದಿನ ವಾರ ಮಗ ನಮ್ಮನ್ನು ಪಶ್ಚಿಮಕ್ಕೆ, ಸೆಡೂನಾ ಎಂಬ ಸಣ್ಣ ಪೇಟೆಯಿಂದಲೂ ಸುಮಾರು 300 ಕಿಲೋಮೀಟರ್ ಆಚೆಗಿನ ಹೆಡ್ ಆಫ್ ಬೈಟ್‌ಗೆ ಕರೆದೊಯ್ದ. ಅಲ್ಲಿಯ ವಿಶಾಲ ಬಯಲಿನ ನಲ್ಲರ್ಬಾರ್ ಎಂಬ ಹೆಸರಿಗೇ ಮರವಿಲ್ಲದ್ದು ಎಂಬ ಅರ್ಥವಂತೆ. ಆ ಬಯಲಿನ ಅಂಚು ಕಡಿದಾದ ಬಂಡೆಗೋಡೆಯಾಗಿ ಸಮುದ್ರಕ್ಕೆ ಇಳಿಯುವ ಜಾಗ ಅದು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅಂಟಾರ್ಕ್ಟಿಕದ ಕಡೆಯ ತಣ್ಣೀರಿನಿಂದ ಸದರ್ನ್ ರೈಟ್ ತಿಮಿಂಗಿಲಗಳು ಮರಿ ಹಾಕಲು ಅಲ್ಲಿಗೆ ಬರುತ್ತವೆ. ನಿಧಾನವಾಗಿ ಈಜುವುದರಿಂದಲೂ, ಸತ್ತ ಮೇಲೆ ತೇಲುವುದರಿಂದಲೂ, ಎಣ್ಣೆ ಧಾರಾಳವಾಗಿ ಸಿಗುತ್ತಿದ್ದುದರಿಂದಲೂ ಬೇಟೆಗೆ ಇದೇ ಸರಿಯಾದ ಜಾತಿ ಎಂದು ಹಿಂದಿನ ಕಾಲದ ಬೇಟೆಗಾರರು ಇಟ್ಟರೆನ್ನಲಾದ ಹೆಸರು ಹಾಗೆಯೇ ಉಳಿದುಬಿಟ್ಟಿದೆ. ಅಲ್ಲಿ ದೋಣಿಯ ಅಗತ್ಯವೇ ಇಲ್ಲ. ಬಂಡೆಯ ಮೇಲಿನ ಅಟ್ಟಣೆಯಿಂದ ಬಗ್ಗಿ ನೋಡಿದರೆ ತಾಯಿ ಮತ್ತು ಮರಿ ಜೊತೆಯಾಗಿ ಕೆಳಗೆ ಕಾಣುತ್ತವೆ. ತಲೆಯ ಮೇಲಿನ ಬಿಳಿಯ ಒರಟು ಗಂಟುಗಳ ವಿನ್ಯಾಸ ಒಂದೊಂದಕ್ಕೆ ಒಂದೊಂದು ರೀತಿ ಇರುವುದರಿಂದ, ಯಾವ ತಾಯಿ ಯಾವ ವರ್ಷ ಬಂದಿತ್ತು ಎಂಬುದನ್ನು ಬಲ್ಲವರು ಗುರುತಿಸುತ್ತಾರೆ. ಯಲಾಟ ಎಂಬಲ್ಲಿಯ ಮೂಲನಿವಾಸಿಗಳ ನೆಲ ಅದು ಎಂಬುದನ್ನೂ ಬಂದವರಿಗೆ ತಿಳಿಸುತ್ತಾರೆ.

ಅಲ್ಲಿ ಎಲ್ಲವೂ ಸರಿಯಾಗಿದೆ ಎಂದು ನನ್ನ ವಾದವಲ್ಲ. ಪೋರ್ಟ್ ಲಿಂಕನ್ ಬಳಿಯ ನೆಪ್ಚೂನ್ ದ್ವೀಪಗಳಲ್ಲಿ ಮೀನಿನ ಚೂರುಗಳನ್ನು ನೀರಿಗೆ ಸುರಿದು ಬಿಳಿ ಶಾರ್ಕ್‌ಗಳನ್ನು ಕರೆಸಿ, ಪ್ರವಾಸಿಗಳನ್ನು ಕಬ್ಬಿಣದ ಪಂಜರದಲ್ಲಿ ಇಳಿಸುವ ವ್ಯವಹಾರ ನನಗೆ ಹಿಡಿಸಲಿಲ್ಲ. ಆದರೆ ಅಲ್ಲಿಯೂ, ದೋಣಿಗಳು ಹೆಚ್ಚಾದಂತೆ ಶಾರ್ಕ್‌ಗಳು ಅಲ್ಲೇ ಹೆಚ್ಚು ದಿನ ಉಳಿಯತೊಡಗಿವೆ ಎಂದು ವಿಜ್ಞಾನಿಗಳು ತೋರಿಸಿಕೊಟ್ಟ ಮೇಲೆ ಪರವಾನಗಿಗಳನ್ನೂ ದಿನಗಳನ್ನೂ ಮಿತಿಗೊಳಿಸಿದರು. ಇನ್ನು, ನಾವು ಊರಿಗೆ ಮರಳಿದ ಮರುವರ್ಷ, 2025ರ ಮಾರ್ಚ್‌ನಿಂದ, ಅದೇ ಕಾಂಗರೂ ದ್ವೀಪದ ಸುತ್ತಮುತ್ತಲ ಸಮುದ್ರದಲ್ಲಿ ವಿಷಪಾಚಿ ಹಬ್ಬಿ ಮೀನು, ತೊರಕೆಗಳು ಸತ್ತು ರಾಶಿಯಾಗಿ ದಂಡೆಗೆ ಬಂದವು. ನೀರಿನ ಬಿಸಿ ಮಾಮೂಲಿಗಿಂತ ಸುಮಾರು 2.5 ಡಿಗ್ರಿ ಏರಿತ್ತು. ಅದರ ಮುಂದೆ ಯಾವ ಮಾರ್ಗದರ್ಶಕರ ಕೈಸನ್ನೆಯೂ ನಡೆಯುವುದಿಲ್ಲ.

ಸೀಲ್ ಬೇಯ ಇನ್ನೊಂದು ಮಾತನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೇನೆ, ಏಕೆಂದರೆ ಈ ಪತ್ರ ಬರೆಯಲು ಕಾರಣವೇ ಅದು. ಹಲಗೆಯ ಹಾದಿಯಲ್ಲಿ ಹಿಂದಿರುಗುವಾಗ ಬಂಡೆಯ ನೆತ್ತಿಯ ಮೇಲಿಂದ ದೊಡ್ಡ ಹದ್ದೊಂದು ರೆಕ್ಕೆ ಬಡಿಯದೆ ತೇಲಿಹೋಯಿತು. ಹೊಟ್ಟೆ ಅಚ್ಚ ಬಿಳಿ, ರೆಕ್ಕೆಯ ಅಂಚು ಬೂದುಗಪ್ಪು. ಅದು ನಮ್ಮ ಊರಿನ ಅಳಿವೆಯ ಮೇಲೆ ನಾನು ಬಾಲ್ಯದಿಂದ ಕಂಡ ಬಿಳಿಹೊಟ್ಟೆಯ ಕಡಲ ಹದ್ದೇ. ದಕ್ಷಿಣ ಆಸ್ಟ್ರೇಲಿಯ ರಾಜ್ಯದಲ್ಲಿ ಈಗ ನೂರು ಜೋಡಿಯೂ ಉಳಿದಿಲ್ಲವೆಂದೂ, ಗೂಡಿನ ಹತ್ತಿರ ಜನ ಸುಳಿದಾಡಿದರೆ ಮೊಟ್ಟೆ ಬಿಟ್ಟು ಹೋಗುವ ಹಕ್ಕಿಯಾದ್ದರಿಂದ ಗೂಡಿರುವ ಬಂಡೆಗಳ ಕಡೆಗೆ ಯಾರನ್ನೂ ಕರೆದೊಯ್ಯುವುದಿಲ್ಲವೆಂದೂ ನಮ್ಮ ಮಾರ್ಗದರ್ಶಕಿ ಹೇಳಿದಳು. ನಾನು ಸ್ವಲ್ಪ ಹೆಮ್ಮೆಯಿಂದಲೇ, ಇದು ನಮ್ಮ ಕಾಸರಗೋಡು ಜಿಲ್ಲೆಯ ಅಧಿಕೃತ ಪಕ್ಷಿ ಎಂದೆ. ಆಕೆಗೆ ಬಹಳ ಸಂತೋಷವಾಯಿತು. "ನಿಮ್ಮಲ್ಲಿ ಎಷ್ಟು ಗೂಡುಗಳಿವೆ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

2023ರಲ್ಲಿ ನಮ್ಮ ಜಿಲ್ಲೆ ತನ್ನದೇ ಆದ ಮರ, ಹೂ, ಪಕ್ಷಿ ಮತ್ತು ಜೀವಿಯನ್ನು ಘೋಷಿಸಿಕೊಂಡಿತು. ಊರಿನ ಹೆಸರಿನಲ್ಲೇ ಇರುವ ಕಾಸರಕನ ಮರ, ಪೆರಿಯದ ಹೊಳೆಯ ಬಿಳಿಹೂವು, ಈ ಕಡಲ ಹದ್ದು, ಮತ್ತು ಚಂದ್ರಗಿರಿ ಹೊಳೆಯ ಮೃದುಚಿಪ್ಪಿನ ದೈತ್ಯ ಆಮೆ. ಕೇರಳದಲ್ಲಿ ಹೀಗೆ ಮಾಡಿದ ಮೊದಲ ಜಿಲ್ಲೆ ನಮ್ಮದು. ಒಳ್ಳೆಯ ಕೆಲಸ. ಆದರೆ ಈ ನಾಲ್ಕನ್ನೂ ಬಂದವರಿಗೆ ಎಲ್ಲಿ ನಿಂತು, ಯಾವ ತಿಂಗಳಲ್ಲಿ, ಎಷ್ಟು ದೂರದಿಂದ ನೋಡಬೇಕೆಂದು ಹೇಳಿಕೊಡಬಲ್ಲ ಒಬ್ಬ ಮನುಷ್ಯನನ್ನು ನಾನು ಇದುವರೆಗೆ ನಮ್ಮ ತೀರದ ಯಾವ ಪ್ರವಾಸಿ ತಾಣದಲ್ಲಿಯೂ ಕಂಡಿಲ್ಲ. ಬೇಕಲವನ್ನು ಕೇಂದ್ರ ಸರಕಾರವು ವಿಶೇಷ ಪ್ರವಾಸಿ ಪ್ರದೇಶವೆಂದು ಸಾರಿದ್ದು 1992ರಲ್ಲಿ. ಇಷ್ಟು ವರ್ಷಗಳಲ್ಲಿ ಕೋಣೆಗಳು ಹೆಚ್ಚಿವೆ. ಕಡಲನ್ನು ಓದಿ ಹೇಳುವವರು ಹೆಚ್ಚಿಲ್ಲ.

ಕಳೆದ ಜನವರಿಯಲ್ಲಿ ನೆಂಟರೊಂದಿಗೆ ಅಳಿವೆಯೊಂದರಲ್ಲಿ ಡಾಲ್ಫಿನ್ ತೋರಿಸುವ ದೋಣಿ ಹತ್ತಿದೆ. ಹೊಳೆ ಕಡಲಿಗೆ ಸೇರುವಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳು ಮೀನು ಹಿಡಿಯುತ್ತಿದ್ದವು. ದೋಣಿಯವನು ಯಂತ್ರವನ್ನು ಜೋರು ಮಾಡಿ ನೇರವಾಗಿ ಅವುಗಳ ನಡುವೆಯೇ ನುಗ್ಗಿಸಿದ. ಅವು ಮುಳುಗಿ ದೂರದಲ್ಲಿ ಎದ್ದರೆ ಪುನಃ ಅಲ್ಲಿಗೇ ಓಡಿಸಿದ. ಮೂರನೆಯ ಸಲಕ್ಕೆ ಅವು ಕಾಣದಾದವು. ಆತನನ್ನು ಬೈದು ಫಲವಿಲ್ಲ, ಹಾಗೆ ಮಾಡದಿದ್ದರೆ ದೋಣಿಯಲ್ಲಿದ್ದವರೇ ಹಣ ವಾಪಸು ಕೇಳುತ್ತಿದ್ದರು. ಆತನಿಗೆ ಬೇರೆ ರೀತಿ ಇದೆಯೆಂದು ಕಲಿಸಿದವರಿಲ್ಲ, ನಮಗೂ ಹೇಳಿದವರಿಲ್ಲ.

ನಮ್ಮ ಜನಕ್ಕೆ ಶಿಸ್ತು ಬಾರದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅನಂತಪುರ ದೇವಸ್ಥಾನದ ಕೆರೆಯ ಬಬಿಯಾ ಎಂಬ ಮೊಸಳೆಯು 2022ರ ಅಕ್ಟೋಬರಿನಲ್ಲಿ ತೀರಿಕೊಳ್ಳುವವರೆಗೂ, ಅದನ್ನು ನೋಡಲು ಬಂದವರು ಪ್ರಸಾದದ ಹೊತ್ತಿಗಾಗಿ ಕಾದು, ಸಿಕ್ಕಿದರೆ ನೋಡಿ, ಸಿಗದಿದ್ದರೆ ಕೈಮುಗಿದು ಹೋಗುತ್ತಿದ್ದರು. ನೀಲೇಶ್ವರದ ಬಳಿಯ ತೈಕಡಪ್ಪುರದಲ್ಲಿ ಊರಿನವರೇ ಆಲಿವ್ ರಿಡ್ಲೆ ಕಡಲಾಮೆಯ ಮೊಟ್ಟೆಗಳನ್ನು ಬೇಲಿ ಕಟ್ಟಿ ಕಾದು, ಮರಿಗಳನ್ನು ಕಡಲಿಗೆ ಬಿಡುತ್ತ ಬಂದಿದ್ದಾರೆ. ಒಂದು ಗೂಡಿನಲ್ಲಿ ನೂರರಷ್ಟು ಮೊಟ್ಟೆ. ಒಡೆಯಲು ಒಂದೂವರೆ ಎರಡು ತಿಂಗಳು. ಹೊರಬಂದ ಮರಿಗಳು ಬೆಳಕಿನ ಕಡೆಗೆ ಹೋಗುವುದರಿಂದ, ತೀರದುದ್ದಕ್ಕೂ ನಾವು ನೆಡುತ್ತಿರುವ ದೀಪಸ್ತಂಭಗಳು ಅವುಗಳನ್ನು ರಸ್ತೆಯತ್ತ ಎಳೆಯುತ್ತವೆ. ಕಡಲ್ಕೊರೆತಕ್ಕೆಂದು ರಾಶಿ ಹಾಕಿದ ಕಲ್ಲುಗಳನ್ನು ಹತ್ತಿ ತಾಯಿ ಆಮೆ ಮೇಲೆ ಬರಲಾರದು. ಮನೆ ಕಳೆದುಕೊಳ್ಳುವ ಭಯದಲ್ಲಿರುವ ಮೀನುಗಾರರಿಗೆ ಕಲ್ಲು ಬೇಡವೆಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಮರಳು ಉಳಿದಿರುವ ಕಡೆಯಾದರೂ ದೀಪ ಬೇಡವೆನ್ನಬಹುದು.

ಕಾಂಗರೂ ದ್ವೀಪದ ಪದ್ಧತಿಯನ್ನು ಇಲ್ಲಿಗೆ ಹಾಗೆಯೇ ತರಲಾಗದೆಂಬುದು ನನಗೆ ಗೊತ್ತಿದೆ. ಅಲ್ಲಿ ಮೈಲುಗಟ್ಟಲೆ ನಡೆದರೂ ಮನೆಯಿಲ್ಲ. ಇಲ್ಲಿ ದೋಣಿ ಎಳೆಯುವವರು, ಬಲೆ ಹೆಣೆಯುವವರು, ಮೀನು ಒಣಗಿಸುವವರು ಎಲ್ಲರಿಗೂ ತೀರವೇ ಅಂಗಳ. ಅವರನ್ನು ಹೊರಗಿಟ್ಟು ಬೇಲಿ ಹಾಕುವ ಯೋಜನೆ ಬಂದರೆ ಅದನ್ನು ವಿರೋಧಿಸುವವರಲ್ಲಿ ನಾನೂ ಇರುತ್ತೇನೆ. ನಾನು ಕೇಳುವುದು ಇಷ್ಟೆ: ಜಿಲ್ಲಾ ಪಂಚಾಯತು, ಪ್ರವಾಸೋದ್ಯಮ ಇಲಾಖೆ ಮತ್ತು ಅರಣ್ಯ ಇಲಾಖೆಗಳು ಸೇರಿ, ತೀರದ ಮೀನುಗಾರ ಕುಟುಂಬಗಳ ಯುವಕ ಯುವತಿಯರಿಗೆ ತರಬೇತಿ, ಗುರುತಿನ ಚೀಟಿ ಮತ್ತು ಮರ್ಯಾದೆಯ ಸಂಬಳ ಕೊಟ್ಟು ಮಾರ್ಗದರ್ಶಕರನ್ನಾಗಿ ನೇಮಿಸಲಿ, ದೋಣಿಯೊಂದರಲ್ಲಿ ಎಷ್ಟು ಜನ, ಡಾಲ್ಫಿನ್‌ನಿಂದ ಎಷ್ಟು ದೂರ ಎಂಬುದನ್ನು ಬರೆದಿಡಲಿ, ಪ್ರವಾಸವನ್ನು ನಡುವಿನಲ್ಲೇ ನಿಲ್ಲಿಸುವ ಅಧಿಕಾರವನ್ನು ಆ ಮಾರ್ಗದರ್ಶಕರ ಕೈಯಲ್ಲೇ ಇಡಲಿ. ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳಲ್ಲಿ ಈ ತರಬೇತಿಯೂ ಫಲಕಗಳೂ ಮಲಯಾಳದ ಜೊತೆಗೆ ಕನ್ನಡದಲ್ಲಿಯೂ ಇರಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿ ಬಂದಿರುವುದೇ ವಿಷಾದದ ಸಂಗತಿ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂಬುದು ಕಾಗದದಲ್ಲಿದೆ, ಕಡಲತೀರದ ಫಲಕಗಳಲ್ಲಿ ಕಾಣುವುದಿಲ್ಲ.

ಊರಿಗೆ ಬಂದ ಮೇಲೆ, ಸೀಲ್ ಬೇಯ ಮಾರ್ಗದರ್ಶಕಿಯ ಪ್ರಶ್ನೆ ಮನಸ್ಸಿನಲ್ಲಿ ಕೊರೆಯುತ್ತಿದ್ದುದರಿಂದ, ನಮ್ಮ ಅಳಿವೆಯ ಸುತ್ತಲಿನ ಗೂಡುಗಳನ್ನಾದರೂ ಎಣಿಸೋಣವೆಂದು ನೆರೆಯ ಮೊಗವೀರ ಹಿರಿಯರೊಬ್ಬರನ್ನು ಕೇಳಿದೆ. "ಬನ್ನಿ ಮಾಸ್ಟ್ರೇ" ಎಂದು ಅವರು ತಮ್ಮ ಮೊಮ್ಮಗನನ್ನು ಜೊತೆಗೆ ಕಳುಹಿಸಿದರು. ಆ ಹುಡುಗ ಅರ್ಧ ದಿನದಲ್ಲಿ ನಾಲ್ಕು ಮರಗಳನ್ನು ತೋರಿಸಿದ. ಒಂದರಲ್ಲಿ ಮರಿಯಿತ್ತು, ಒಂದರ ಗೂಡು ಖಾಲಿ, ಮೂರನೆಯ ಮರದ ಕೊಂಬೆಗಳನ್ನು ವಿದ್ಯುತ್ ತಂತಿಗಾಗಿ ಕಡಿದಿದ್ದರು, ನಾಲ್ಕನೆಯದರ ಬುಡ ಮಾತ್ರ ಉಳಿದಿತ್ತು. ಯಾವ ಗೂಡಿನ ಜೋಡಿ ಯಾವ ತಿಂಗಳಲ್ಲಿ ಕಡ್ಡಿ ತರಲು ತೊಡಗುತ್ತದೆ, ಹಾವು ತರುತ್ತದೆಯೇ ಮೀನು ತರುತ್ತದೆಯೇ ಎಂಬುದೆಲ್ಲ ಅವನಿಗೆ ಬಾಯಿಪಾಠ. ಸದ್ಯ ಅವನು ಗಲ್ಫಿನ ವೀಸಾಕ್ಕೆ ಕಾಯುತ್ತಿದ್ದಾನೆ. ಅದು ಕೈಸೇರುವ ಮೊದಲೇ ಇಲಾಖೆಯವರು ಇಂಥ ತರಬೇತಿ ಆರಂಭಿಸುವುದಾದರೆ, ಮೊದಲ ಅರ್ಜಿಯನ್ನು ಅವನಿಂದ ಬರೆಸಿಕೊಡಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಅಧ್ಯಾಪಕ, ಕುಂಬಳೆ