ನೂಲಿನುಂಡೆಯಲ್ಲಿ ಸಿಕ್ಕ ಇಂಗ್ಲಿಷ್ ಪದ

ಮಾನ್ಯರೇ,

ದಾವಣಗೆರೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಪದದ ಅರ್ಥ ಬಾಯಿಪಾಠ ಮಾಡಿಸುತ್ತೇವೆ, ಅದು ಎಲ್ಲಿಂದ ಬಂತು ಅಂತ ಹೇಳುವುದೇ ಇಲ್ಲ.

ಮೊನ್ನೆ ಪಾಠದಲ್ಲಿ ‘ಕ್ಲೂ’ ಅನ್ನೋ ಪದ ಬಂತು. ನಮ್ಮಪ್ಪ ಹತ್ತಿ ಮಿಲ್ಲಿನಲ್ಲಿ ದುಡಿದವರು. ಮನೆಯಲ್ಲಿದ್ದ ನೂಲಿನುಂಡೆಯೊಂದನ್ನು ತರಗತಿಗೆ ಒಯ್ದೆ. ಕ್ಲೂ ಎಂದರೆ ಮೊದಲು ಇದೇ, ನೂಲಿನುಂಡೆ. ಗ್ರೀಕ್ ಕಥೆಯ ಥೀಸಿಯಸ್ ಚಕ್ರವ್ಯೂಹದಂಥ ಕಟ್ಟಡದೊಳಗೆ ನೂಲು ಬಿಚ್ಚುತ್ತಾ ಹೋಗಿ, ಅದನ್ನೇ ಹಿಡಿದು ಹೊರಬಂದ. ಹಾಗಾಗಿ ದಾರಿ ತೋರಿಸುವ ಸುಳಿವಿಗೆ ಆ ಹೆಸರು. ಒಬ್ಬ ಹುಡುಗ ಬೆಂಚುಗಳ ನಡುವೆ ನೂಲು ಬಿಡುತ್ತಾ ಬಾಗಿಲವರೆಗೆ ಹೋಗಿ, ಅದೇ ನೂಲು ಹಿಡಿದು ವಾಪಸ್ ಬಂದ. ಆ ಪದವನ್ನು ಇನ್ನು ಯಾರೂ ಮರೆಯಲ್ಲ.

ಟೆಕ್ಸ್ಟ್, ಟೆಕ್ಸ್‌ಟೈಲ್ ಎರಡೂ ‘ನೇಯು’ ಎಂಬರ್ಥದ ಲ್ಯಾಟಿನ್ ಪದದಿಂದ ಬಂದವು. ಎಷ್ಟು ಚೆಂದ ಅಲ್ವಾ! ಕ್ಯಾಲಿಕೋ ಬಟ್ಟೆಗೆ ಆ ಹೆಸರು ಬಂದದ್ದು ಕೇರಳದ ಕಲ್ಲಿಕೋಟೆಯಿಂದ. ದಪ್ಪ ಹತ್ತಿಬಟ್ಟೆಯ ಕೆಲಸದ ಉಡುಪಾದ ಡಂಗರೀಸ್‌ಗೆ ಹೆಸರು ಮುಂಬೈನ ಡೋಂಗ್ರಿಯಿಂದ. ‘ಆನ್ ಟೆಂಟರ್‌ಹುಕ್ಸ್’ ಅಂದರೆ ತಳಮಳದಲ್ಲಿರುವುದು. ಹಿಂದೆ ಒದ್ದೆ ಉಣ್ಣೆಬಟ್ಟೆ ಮುದುಡದಿರಲಿ ಅಂತ ಚೌಕಟ್ಟಿಗೆ ಎಳೆದು ಸಿಕ್ಕಿಸುತ್ತಿದ್ದ ಕೊಕ್ಕೆಗಳೇ ಟೆಂಟರ್‌ಹುಕ್.

ಹತ್ತಿ ಮಿಲ್ಲುಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರು ನಮ್ಮದು. ಮನೆಯ ಹಿರಿಯರು ಮಾಡಿದ ಕೆಲಸದ ಮಾತುಗಳು ಮಕ್ಕಳ ತಲೆಗೆ ಬೇಗ ಹತ್ತುತ್ತವೆ. ನಿಮ್ಮ ಪತ್ರಿಕೆಯಲ್ಲಿ ವಾರಕ್ಕೊಂದು ಪದದ ಕಥೆ ಹಾಕಿ. ಹತ್ತು ಸಾಲಿದ್ದರೂ ಸಾಕು, ಕತ್ತರಿಸಿ ತರಗತಿಯ ಗೋಡೆಗೆ ಅಂಟಿಸುತ್ತೇನೆ.

– ಇಂಗ್ಲಿಷ್ ಶಿಕ್ಷಕಿ, ದಾವಣಗೆರೆ