ಇವತ್ತು ಯಾವ ಹಬ್ಬ?

ನಮ್ಮ ಕನ್ನಡ ಸಂಘದ ಪತ್ರದ ಈ ಸಂಚಿಕೆ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಸಂಕ್ರಾಂತಿಯ ಬಗ್ಗೆ ಬರೆಯೋಣ ಎಂದು ಕೂತೆ. ಮನಸ್ಸು ಮಾತ್ರ ಡಿಸೆಂಬರ್‌ನ ಆ ಮಳೆ ರಾತ್ರಿಯನ್ನು ಬಿಟ್ಟು ಕದಲುತ್ತಿಲ್ಲ. ಅದನ್ನೇ ಬರೆಯುತ್ತೇನೆ.

ಸಂಘದ ಅಡುಗೆ ನೋಡಿಕೊಳ್ಳುತ್ತಿದ್ದ ಅಕ್ಕ, ಶನಿವಾರದ ಕನ್ನಡ ತರಗತಿ ನಡೆಸುತ್ತಿದ್ದ ಅವರ ಯಜಮಾನರು, ಮಗಳು, ಮೂವರೂ ಊರಿಗೇ ವಾಪಸ್ ಹೋದರು ಅಲ್ವಾ? ಅವರನ್ನು ಬೀಳ್ಕೊಡಲು ನಾನಿಲ್ಲಿ ಇರಲಿಲ್ಲ. ಮೊದಲೇ ರಜೆಗೆ ಕೋಲಾರಕ್ಕೆ ಹೋಗಿದ್ದೆ. ಅಲ್ಲಿ ಅಕ್ಕನ ಅಪ್ಪ ಅಮ್ಮನ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಅಕ್ಕನ ಅಮ್ಮನಿಗೆ ಮಂಡಿ ನೋವು. "ಅವರು ಬಂದಿಳಿಯುವ ದಿನದ ಅಡುಗೆ ನಂದು" ಎಂದುಬಿಟ್ಟೆ.

ಏನು ಮಾಡುವುದೆಂದು ಯೋಚಿಸಲೇ ಇಲ್ಲ. ಅವರೆಕಾಯಿ ಬರಲು ಶುರುವಾಗಿತ್ತು. ಹಿತಕಿದ ಬೇಳೆ ಸಾರು, ಮುದ್ದೆ. ಬೆಳಿಗ್ಗೆಯೇ ಕಾಳು ನೆನೆಹಾಕಿದೆ. ಸಂಜೆ ನಾನು, ಅಮ್ಮ, ಪಕ್ಕದ ಮನೆಯವರು ಕೂತು ಒಂದೊಂದೇ ಕಾಳು ಹಿತಕಿದೆವು. ಚೆನ್ನೈ ಕಡೆ ವಾಯುಭಾರ ಕುಸಿತವಂತೆ, ಬಿಡದ ಜಡಿ ಮಳೆ. ಅಂತರಗಂಗೆ ಬೆಟ್ಟ ಕಾಣುತ್ತಲೇ ಇರಲಿಲ್ಲ. "ಮಂಜು ಬಿದ್ದರೆ ತಾನೇ ಸೊಗಡು" ಎಂದು ಅಮ್ಮ ಕೊರಗಿದರು. ಆದರೂ ಮಳೆಯನ್ನು ಬೈಯಲಿಲ್ಲ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆ ನಮ್ಮದು. 2021ರ ನವೆಂಬರ್‌ನಲ್ಲಿ ಕೆರೆಗಳು ಕೋಡಿ ಹರಿದದ್ದನ್ನು ಅಕ್ಕನ ಅಪ್ಪ ಅವತ್ತೂ ಎರಡು ಸಲ ಹೇಳಿದರು.

ಸಾರನ್ನು ಮತ್ತೆ ಬಿಸಿ ಮಾಡಬಹುದು. ಆರಿದ ಮುದ್ದೆಗೆ ಉಪಾಯವಿಲ್ಲ. ಹೊಸಕೋಟೆಯ ಹತ್ತಿರವೇ ಅವರ ಕಾರು ನಿಂತು ನಿಂತು ಬರುತ್ತಿತ್ತು. "ನರಸಾಪುರ ದಾಟಿದ್ವಿ" ಎಂದು ಫೋನ್ ಬಂದಾಗ ರಾತ್ರಿ 10 ಗಂಟೆ. ಆಗ ಎಸರಿಟ್ಟೆ. ಅಷ್ಟರಲ್ಲಿ ಕರೆಂಟೂ ಹೋಯಿತು. ಫೋನಿನ ಬೆಳಕಿನಲ್ಲೇ ಒಂದು ಚಮಚ ಹಿಟ್ಟು ಕದಡಿ ಹಾಕಿದೆ. ಕುದಿ ಬಂದ ಮೇಲೆ ಉಳಿದ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕೋಲಿನಿಂದ ನಡುವೆ ತೂತು ಮಾಡಿ ಬೇಯಲು ಬಿಟ್ಟೆ. ಇದನ್ನೆಲ್ಲ ನನಗೆ ಕಲಿಸಿದ್ದು ಅಕ್ಕನೇ. ಇಲ್ಲಿ, ನಮ್ಮ ಸಂಘದ ಬಾಡಿಗೆ ಹಾಲ್‌ನ ಅಡುಗೆಮನೆಯಲ್ಲಿ. ಕೋಲಾರದಲ್ಲೇ ಹುಟ್ಟಿದ ನಾನು ಮುದ್ದೆ ತಿರುವಲು ಕಲಿತದ್ದು ಇಷ್ಟು ದೂರ ಬಂದು. "ರಟ್ಟೆ ನೋಯಬೇಕು, ಆಗಲೇ ಗಂಟು ಬಿಡೋದು" ಎನ್ನುತ್ತಿದ್ದರು. ಅವತ್ತು ಚೆನ್ನಾಗಿಯೇ ನೋಯಿತು.

ಮೂವರೂ ನೆನೆದು ಬಂದರು. ತಟ್ಟೆ ನೋಡಿದ ಕೂಡಲೇ ಮಗು, "ಮುದ್ದೆ! ಇವತ್ತು ಯಾವ ಹಬ್ಬ?" ಎಂದಿತು. ಪಾಪ, ಅದು ಮುದ್ದೆ ಕಂಡಿರುವುದು ನಮ್ಮ ರಾಜ್ಯೋತ್ಸವ, ಯುಗಾದಿಯ ಊಟಗಳಲ್ಲಿ.

"ಹಬ್ಬ ಅಲ್ಲ ಕಂದ, ರಾತ್ರಿ ಊಟ" ಎಂದರು ಅಜ್ಜಿ.

"ನಾಳೆ?"

"ನಾಳೇನೂ."

ಅಕ್ಕ ಮುದ್ದೆ ಮುರಿದು ನೋಡಿದರು. "ಗಂಟಿಲ್ಲ" ಎಂದರು. ಆಮೇಲೆ ಊಟ ಮುಗಿಯುವವರೆಗೂ ತಲೆ ಎತ್ತಲಿಲ್ಲ.

ಇನ್ನು ಸೂಚನೆಗಳು, ಜಾಗ ಕಡಿಮೆ ಇದೆ. ಸಂಕ್ರಾಂತಿ ಕೂಟ ಜನವರಿಯ ಮೂರನೇ ಶನಿವಾರ, ಬೆಳಿಗ್ಗೆ 11ಕ್ಕೆ, ಎಂದಿನ ಹಾಲ್‌ನಲ್ಲಿ. ಎಳ್ಳು ಬೆಲ್ಲದ ಪೊಟ್ಟಣ ಕಟ್ಟಲು ಗುರುವಾರ ಸಂಜೆ ಬನ್ನಿ. ಕೊಬ್ಬರಿ, ಬೆಲ್ಲ ಹೆಚ್ಚಿಕೊಂಡೇ ತಂದರೆ ಒಳ್ಳೆಯದು. ತಟ್ಟೆ ಲೋಟ ಮನೆಯಿಂದ ತನ್ನಿ. ಸದಸ್ಯತ್ವದ ಹಣ ಕಟ್ಟದವರು ಅವತ್ತೇ ಕಟ್ಟಿಬಿಡಿ. ಮಕ್ಕಳ ಹಾಡಿಗೆ ಹೆಸರು ಕೊಡಲು ಭಾನುವಾರವೇ ಕಡೆ.

ಕನ್ನಡ ತರಗತಿಗೆ ಈಗ ಮೇಷ್ಟ್ರಿಲ್ಲ. ಮೂರು ಶನಿವಾರದಿಂದ ಬಾಗಿಲು ತೆರೆದಿಲ್ಲ. ಮಕ್ಕಳು ಕಾಗುಣಿತದ ನಡುವೆಯೇ ನಿಂತಿದ್ದಾರೆ. ವಾರಕ್ಕೆ ಒಂದು ಗಂಟೆ ಯಾರಾದರೂ ಕೊಡುತ್ತೀರಾ? ಈ ಪತ್ರ, ತರಗತಿ, ಅಡುಗೆ ಮೂರೂ ನನ್ನೊಬ್ಬರಿಂದ ಆಗುವುದಿಲ್ಲ.

ಅಕ್ಕ ತಮ್ಮ ದೊಡ್ಡ ಮುದ್ದೆ ಕೋಲನ್ನು ಸಂಘಕ್ಕೇ ಬಿಟ್ಟು ಹೋಗಿದ್ದಾರೆ. ಸದ್ಯ ನಮ್ಮ ಮನೆಯಲ್ಲಿದೆ. ಸಂಕ್ರಾಂತಿಯ ದಿನ ತರುತ್ತೇನೆ. ತಿರುವಲು ಇನ್ನೊಂದು ಜೋಡಿ ಕೈ ಬೇಕು. ಬರದಿದ್ದರೆ ಚಿಂತೆಯಿಲ್ಲ, ಕಲಿಸುತ್ತೇನೆ.