‘ಮನಿ’ಯನ್ನು ‘ಮನೆ’ ಮಾಡದೆ ಉಳಿಸಿದವರಿಗೆ

ವಿದ್ಯಾರ್ಥಿಗಳೇ ಆರಿಸಿ, ತಿದ್ದಿ, ಪುಟ ಕಟ್ಟುವ ನಮ್ಮ ಸಾಹಿತ್ಯ–ಕಲಾ ಪತ್ರಿಕೆಯ ಹತ್ತನೇ ಸಂಚಿಕೆ ಅಚ್ಚಾಗಿ ಬಂದಿದೆ. ಡೆಮಿ 1/8 ಅಳತೆ, 112 ಪುಟ. ಧಾರವಾಡದ ಮಾತು, ಕುಂದಾಪುರದ ಮಾತು, ಹವ್ಯಕ, ಅರೆಭಾಷೆ, ತುಳು ಎಲ್ಲವೂ ಒಂದೇ ರಕ್ಷಾಪುಟದೊಳಗೆ ಸೇರಿವೆ. ಸಂಪಾದಕ ಮಂಡಳಿಯ ಹೆಸರುಗಳು ಒಳಪುಟದಲ್ಲಿವೆ. ಅಲ್ಲಿ ಹೆಸರಿಲ್ಲದಿದ್ದರೂ ಈ ಮಾತುಗಳು ಆಡಿದ ಹಾಗೇ ಕಾಗದಕ್ಕೆ ಇಳಿಯುವಂತೆ ಮಾಡಿದವರಿಗೆ ಈ ಬರಹ.

ಮೊದಲ ನಮಸ್ಕಾರ ಕರಡು ತಿದ್ದಿದವರಿಗೆ. ಆಡುಮಾತಿನ ಬರಹದ ಕರಡು ತಿದ್ದುವುದೆಂದರೆ ಅರ್ಧಕ್ಕರ್ಧ ತಿದ್ದದೆ ಬಿಡುವ ಕೆಲಸ. ಧಾರವಾಡದ ಕಥೆಯಲ್ಲಿ ‘ಮನಿ’, ‘ಮ್ಯಾಲ’, ‘ಬ್ಯಾಡ’ ಎಂದಿದ್ದರೆ ಅದು ತಪ್ಪಲ್ಲ. ಆದರೆ ಪಠ್ಯಪುಸ್ತಕಕ್ಕೆ ಪಳಗಿದ ಕಣ್ಣು ತನಗೇ ಗೊತ್ತಾಗದೆ ‘ಮನೆ’, ‘ಮೇಲೆ’, ‘ಬೇಡ’ ಎಂದು ಓದಿಕೊಂಡು ಪೆನ್ನು ಎತ್ತುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಅರೆಬರೆ ತಿದ್ದುವುದು. ಒಂದು ಪುಟದಲ್ಲಿ ‘ಮನಿ’, ಮುಂದಿನ ಪುಟದಲ್ಲಿ ‘ಮನೆ’ ಎಂದಾದರೆ ಒಂದೇ ಪಾತ್ರಕ್ಕೆ ಎರಡು ಊರು. ಇದಕ್ಕಾಗಿ ಪ್ರತಿ ಬರಹಕ್ಕೂ ಒಂದು ಪದಪಟ್ಟಿ ಮಾಡಿದ್ದಾರೆ. ಯಾವ ರೂಪ ಬೇಕೆಂದು ಲೇಖಕರೇ ಮೊದಲು ಬರೆದುಕೊಡಬೇಕು. ನಿರೂಪಣೆ ಗ್ರಾಂಥಿಕದಲ್ಲಿದ್ದು ಸಂಭಾಷಣೆ ಮಾತ್ರ ಆಡುಮಾತಿನಲ್ಲಿದ್ದರೆ ಪಟ್ಟಿಗೆ ಎರಡು ಕಾಲಂ. ಆಮೇಲೆ ಮೂರು ಸುತ್ತು: ಒಂದು ಅಕ್ಷರದೋಷಕ್ಕೆ, ಒಂದು ಪಟ್ಟಿಯೊಡನೆ ತಾಳೆ ನೋಡಲು, ಕೊನೆಯದು ಗಟ್ಟಿಯಾಗಿ ಓದಲು. ಆ ಓದಿಗೆ ಕಿವಿಗೊಟ್ಟು ಕೂತ ಅಜ್ಜ–ಅಜ್ಜಿಯರು, ಹಾಸ್ಟೆಲಿನ ಅಡುಗೆಯ ಅಕ್ಕಂದಿರು ‘ಹಿಂಗ ಅನ್ನೂದಿಲ್ಲ ನಾವು’ ಎಂದು ತಡೆದ ಕಡೆಗಳಲ್ಲಿ ಸಿಕ್ಕ ತಪ್ಪು ಬೇರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ತುಳು ಪುಟಗಳನ್ನು ನೋಡಿಕೊಟ್ಟವರ ಋಣ ಇನ್ನೂ ದೊಡ್ಡದು. ತುಳುವಿನ ಅರೆ ಉಕಾರಕ್ಕೆ, ಅಂದರೆ ಪದದ ಕೊನೆಯಲ್ಲಿ ಪೂರ್ತಿ ‘ಉ’ ಆಗದೆ ನಿಲ್ಲುವ ಸ್ವರಕ್ಕೆ, ಕನ್ನಡ ಲಿಪಿಯಲ್ಲಿ ಸ್ವಂತ ಗುರುತಿಲ್ಲ. ಒಬ್ಬರು ‘ಕಣ್ಣ್’ ಎಂದು ಬರೆದರೆ ಇನ್ನೊಬ್ಬರು ‘ಕಣ್ಣು’ ಎನ್ನುತ್ತಾರೆ. ‘ಯಾನ್ ಬರ್ಪೆ’, ‘ಆಯೆ ಬರ್ಪೆ’ ಎರಡರಲ್ಲೂ ಕೊನೆಯ ಸ್ವರ ಬೇರೆ. ನಾನು ಬರುವುದೋ ಅವನು ಬರುವುದೋ ಎಂಬುದನ್ನು ಹೇಳುವುದೇ ಆ ಸ್ವರ. ಕನ್ನಡದ ಎತ್ವ ಎರಡನ್ನೂ ಒಂದೇ ಮಾಡಿಬಿಡುತ್ತದೆ. ಕವಿತೆಯಲ್ಲಿ ‘ಯಾನ್’ ಬಿಟ್ಟುಹೋದ ಸಾಲುಗಳನ್ನು ಅವರು ಹುಡುಕಿ, ಅರ್ಥ ಕೆಡುವ ಕಡೆ ಮಾತ್ರ ಕವಿಯನ್ನು ಕೇಳಿ ಸರ್ವನಾಮ ಸೇರಿಸಿದರು. ತುಳು–ತಿಗಳಾರಿ ಲಿಪಿ ಗಣಕದಲ್ಲಿ ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನ, 2024ರ ಸೆಪ್ಟೆಂಬರಿನಲ್ಲಿ ಬಂದ 16ನೇ ಆವೃತ್ತಿಗೆ ಸೇರಿದೆಯಾದರೂ ನಮ್ಮ ಪುಟವಿನ್ಯಾಸದ ತಂತ್ರಾಂಶದಲ್ಲಿ ಅದು ಮೂಡಲಿಲ್ಲ. ತುಳು ವಿಭಾಗದ ತಲೆಬರಹವನ್ನು ಕೈಯಲ್ಲೇ ಬರೆದು ಚಿತ್ರವಾಗಿ ಕೊಟ್ಟ ಕೈಗೆ ಪ್ರತ್ಯೇಕ ವಂದನೆ.

ಡಿಟಿಪಿ ಮಾಡಿದ ಅಣ್ಣನವರಿಗೆ. ಬರಹಗಳಲ್ಲಿ ಕೆಲವು ಹಳೆಯ ನುಡಿ ಫಾಂಟಿನಲ್ಲಿ, ಕೆಲವು ಯೂನಿಕೋಡಿನಲ್ಲಿ ಬಂದಿದ್ದವು. ಹಳೆಯ ನುಡಿಯಲ್ಲಿ ಅರ್ಕಾವೊತ್ತು ವ್ಯಂಜನದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ಅದರ ‘ರ್’ ಮೊದಲು ಬರಬೇಕು. ನುಡಿಯನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ಇಲ್ಲಿ ಎಡವಿದರೆ ಪದದ ನಡುವೆ ಅರ್ಥವಿಲ್ಲದ ಗುರುತೊಂದು ಉಳಿಯುತ್ತದೆ. ‘ಬರುತ್ತೇನೆ’ಯಲ್ಲಿ ಅರ್ಕಾವೊತ್ತೇ ಇಲ್ಲ, ‘ಬರ್ತೀನಿ’ಯಲ್ಲಿ ಇದೆ. ಸ್ವರ ನುಂಗುವ ಆಡುಮಾತಿನಲ್ಲಿ ಒತ್ತು, ಅರ್ಕಾವೊತ್ತು ಎರಡೂ ಹೆಚ್ಚು; ಹಾಗಾಗಿ ಕೆಡುವ ಜಾಗಗಳೂ ಹೆಚ್ಚು. ಅವರು ಯಂತ್ರವನ್ನು ನಂಬದೆ ಪರಿವರ್ತಿಸಿದ ಪ್ರತಿ ಪುಟವನ್ನೂ ಮೂಲದ ಪಕ್ಕ ಇಟ್ಟು ನೋಡಿದರು. ಪುಟ ಕಟ್ಟುವ ತಂತ್ರಾಂಶ ಇನ್‌ಡಿಸೈನಿನಲ್ಲಿ, ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸದಿದ್ದರೆ ಒತ್ತುಗಳು ಕೆಳಗಿಳಿಯದೆ ಪಕ್ಕಕ್ಕೆ ಸರಿದು ನಿಲ್ಲುತ್ತವೆ. ಆ ಆಯ್ಕೆಯನ್ನು ಪ್ಯಾರಾಗ್ರಾಫ್ ಸ್ಟೈಲಿನಲ್ಲೇ ಕೂರಿಸಿಟ್ಟದ್ದರಿಂದ ಮತ್ತೆ ಮತ್ತೆ ಕಾಡಲಿಲ್ಲ. ಅಕ್ಷರ 11 ಪಾಯಿಂಟ್, ಸಾಲಿನ ಅಂತರ 16. ಇದಕ್ಕಿಂತ ಬಿಗಿ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ಮುಟ್ಟುತ್ತದೆ. ಪುಟ ಉಳಿಸಲು 14ಕ್ಕೆ ಇಳಿಸಿ ಎಂದು ಕೇಳಿದಾಗ ಒಪ್ಪದೆ ನಿಂತಿರಿ, ಅಣ್ಣ. ಸಂಚಿಕೆ ಓದಲು ಹಿತವಾಗಿರುವುದು ಅದರಿಂದಲೇ.

ಸಾಗರ ಸೀಮೆಯ ದೀವರ ಸಮುದಾಯದ ಗೋಡೆಚಿತ್ರವಾದ ಚಿತ್ತಾರ ಬರೆದುಕೊಟ್ಟ ಅಮ್ಮಂದಿರಿಗೆ, ಅದನ್ನು ಕೆಡದಂತೆ ಅಚ್ಚಿಗಿಳಿಸಿದ ಪ್ರೆಸ್ಸಿನವರಿಗೆ ಒಟ್ಟಿಗೇ ಕೈ ಮುಗಿಯಬೇಕು. ಕೆಮ್ಮಣ್ಣಿನ ನೆಲ, ಅದರ ಮೇಲೆ ಪುಂಡಿ ನಾರಿನ ಕುಂಚದಿಂದ ಎಳೆದ ಅಕ್ಕಿಹಿಟ್ಟಿನ ಸಣ್ಣ ಬಿಳಿ ಗೆರೆ. ನಾಲ್ಕು ಬಣ್ಣದಲ್ಲಿ ಅಚ್ಚು ಹಾಕಿದರೆ ಆ ಬಿಳಿ ಎಂದರೆ ಬಣ್ಣಕ್ಕೊಂದರಂತೆ ಇರುವ ನಾಲ್ಕು ಅಚ್ಚಿನ ಪ್ಲೇಟುಗಳೂ ಒಂದೇ ಕಡೆ ಖಾಲಿ ಬಿಟ್ಟ ಜಾಗ. ಒಂದು ಪ್ಲೇಟು ಕೂದಲೆಳೆಯಷ್ಟು ಸರಿದರೂ ಗೆರೆಯ ಅಂಚಿಗೆ ಬಣ್ಣ ಹತ್ತುತ್ತದೆ. ಪ್ರೆಸ್ಸಿನವರು ಕೆಮ್ಮಣ್ಣಿನ ಬಣ್ಣವನ್ನು ಒಂದೇ ಶಾಯಿಯಾಗಿ ಬೆರೆಸಿದರು. ನೆಲಕ್ಕೆ ಒಂದೇ ಪ್ಲೇಟಾದ್ದರಿಂದ ಸರಿಯುವ ಮಾತೇ ಬರಲಿಲ್ಲ. ನಾವು ಬಳಸಿದ್ದು 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಮ್ಯಾಪ್‌ಲಿಥೊ, ಲೇಪನವಿಲ್ಲದ ಕಾಗದ; ಅದು ಶಾಯಿ ಹೀರುವುದರಿಂದ ಬಿಳಿ ಗೆರೆ ಸೊರಗುತ್ತದೆ. ಅದನ್ನು ಲೆಕ್ಕ ಹಿಡಿದು ಗೆರೆಗಳನ್ನು ಮೊದಲೇ ತುಸು ದಪ್ಪ ಮಾಡಿದ್ದರು. ಕೆಂಪು ಬೇಕಾದ ಚಿತ್ರಗಳೆಲ್ಲವನ್ನೂ ಏಳು ಫಾರ್ಮುಗಳಲ್ಲಿ (16 ಪುಟಗಳ ಕಟ್ಟುಗಳಲ್ಲಿ) ಒಂದಕ್ಕೇ ಸೇರಿಸಿ ಎಂಬ ಸಲಹೆಯೂ ಅವರದೇ. ಎರಡನೇ ಬಣ್ಣದ ಖರ್ಚು 16 ಪುಟಕ್ಕೇ ಮುಗಿಯಿತು.

ಬೈಂಡಿಂಗಿನವರು ಕಾಗದದ ನಾರಿನ ದಿಕ್ಕು ಬೆನ್ನಿಗೆ ಸಮನಾಗಿ ಇರುವಂತೆ ನೋಡಿಕೊಂಡರು. ಅಡ್ಡ ನಾರಾಗಿದ್ದರೆ ಹಾಳೆ ಅಲೆಯಾಗಿ ಏಳುತ್ತದೆ, ತೆರೆದಿಟ್ಟ ಪುಸ್ತಕ ತಾನೇ ಮುಚ್ಚಿಕೊಳ್ಳುತ್ತದೆ. ಬೆನ್ನು ಸುಮಾರು 5 ಮಿಲಿಮೀಟರ್. ಒತ್ತಕ್ಷರವಿರುವ ಹೆಸರಿಗೆ ಅದು ಇಕ್ಕಟ್ಟು. ಆದ್ದರಿಂದ ಬೆನ್ನ ಮೇಲೆ ಸಂಚಿಕೆಯ ಸಂಖ್ಯೆ ಮಾತ್ರ ಇದೆ.

ಒಂಬತ್ತನೇ ಸಂಚಿಕೆಯ ತಪ್ಪುಗಳನ್ನು ಪುಟ, ಸಾಲಿನ ಸಂಖ್ಯೆ ಸಮೇತ ಅಂಚೆಯಲ್ಲಿ ಕಳಿಸಿದ ಓದುಗರಿಗೆ ವಂದನೆ. ಆ ಕಾರ್ಡುಗಳೇ ಈ ಸಲದ ಪದಪಟ್ಟಿಗಳ ಮೊದಲ ಕರಡು. ಈ ಸಂಚಿಕೆಗೂ ಹಾಗೇ ಬರೆಯಿರಿ, ನಿಮ್ಮ ತಾಲ್ಲೂಕಿನ ಹೆಸರನ್ನೂ ಸೇರಿಸಿ. ಒಂದೇ ಪದ ಹಳ್ಳ ದಾಟಿದರೆ ಬೇರೆಯಾಗುವುದರಿಂದ ಆ ಹೆಸರಿಲ್ಲದೆ ಪಟ್ಟಿಯಲ್ಲಿ ಎಲ್ಲಿ ಸೇರಿಸಬೇಕೆಂದು ತಿಳಿಯುವುದಿಲ್ಲ. ಲೇಖಕರ ಗೌರವ ಪ್ರತಿಗಳು ತಲಾ ಎರಡರಂತೆ ಹೊರಟಿವೆ.